ಗೋಡೆಯಿಂದ ಮೂರಡಿ ಆಚೆ

ಟೆರೇಸಿಗೆ ಮಾಡು ಹಾಕಿಸುವುದೆಂದು ಮನೆಯಲ್ಲಿ ತೀರ್ಮಾನವಾದಂದಿನಿಂದ ನನ್ನ ಕಣ್ಣು ಮೇಲಕ್ಕೇ ಹೋಗುತ್ತದೆ. ಪುತ್ತೂರಿನಿಂದ ಉಪ್ಪಿನಂಗಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಸಾಕು, ದಾರಿಯುದ್ದಕ್ಕೂ ಮನೆಗಳ ನೆತ್ತಿಯನ್ನೇ ನೋಡುತ್ತ ಕೂರುತ್ತೇನೆ. ಇಷ್ಟು ವರ್ಷ ಓಡಾಡಿದ ದಾರಿಯ ಮೇಲುಗಡೆ ಇನ್ನೊಂದು ಊರೇ ಇದೆ. ಇಟ್ಟಿಗೆ ಬಣ್ಣದ ಶೀಟು, ನೀಲಿ ಶೀಟು, ಹಸಿರು ಶೀಟು. ದೂರಕ್ಕೆ ಹಂಚೆಂದೇ ಕಂಡು, ಹತ್ತಿರ ಹೋದಾಗ ತಗಡೆಂದು ತಿಳಿಯುವ ಶೀಟು. ಕಬ್ಬಿಣದ ಪೈಪಿನ ಮೇಲೆ ನಿಜವಾದ ಹಂಚನ್ನೇ ಹೊದೆಸಿದ ಮಾಡು. ಅಡಿಕೆ ಒಣಗಿಸಲೆಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಎಳೆದು ಕಟ್ಟಿದ ಸೋಲಾರ್ ಗೂಡು. ಒಬ್ಬರು ಮಾಡನ್ನು ಗೋಡೆಯ ಅಂಚಿಗೇ ನಿಲ್ಲಿಸಿದ್ದಾರೆ, ಇನ್ನೊಬ್ಬರು ಎರಡಡಿ ಹೊರಗೆ ಚಾಚಿದ್ದಾರೆ. ಒಂದು ಮನೆಯದ್ದು ಎಷ್ಟು ಎತ್ತರವೆಂದರೆ ಕೆಳಗೆ ಯಕ್ಷಗಾನ ಆಡಿಸಬಹುದು. ಮತ್ತೊಂದರ ಕೆಳಗೆ ಬಗ್ಗಿಯೇ ನಡೆಯಬೇಕು. ಪ್ರತಿಯೊಂದು ಮಾಡಿನ ಹಿಂದೆಯೂ ಯಾರೋ ಕೂತು ಯೋಚಿಸಿ, ದುಡ್ಡಿನ ಲೆಕ್ಕ ಹಾಕಿ, ಮನೆಯವರೊಡನೆ ಮಾತಾಡಿ, ಇಷ್ಟಿರಲಿ ಎಂದು ನಿಶ್ಚಯಿಸಿದ್ದಾರೆ. ಆ ನಿಶ್ಚಯಗಳನ್ನು ಒಂದೊಂದಾಗಿ ಓದುತ್ತ ಹೋಗುವುದು ನನಗೀಗ ದೊಡ್ಡ ಖುಷಿ.

ನಮ್ಮದು ಹಂಚಿನ ಮನೆಯನ್ನು ಕೆಡವಿ ಕಟ್ಟಿದ ತಾರಸಿ ಮನೆ. ಮಾವನವರ ಕಾಲಕ್ಕೆ ತಾರಸಿಯೆಂದರೆ ಬಿಡುಗಡೆ. ವರ್ಷವರ್ಷ ಹಂಚು ತೆಗೆದು ಗುಡಿಸಿ ಮತ್ತೆ ಹೊದೆಸುವುದಿಲ್ಲ, ಗೆದ್ದಲು ಹಿಡಿದ ಪಕ್ಕಾಸು ಬದಲಿಸುವುದಿಲ್ಲ, ಮಂಗ ಹಾರಿ ಒಡೆದ ಹಂಚಿಗೆ ಸುರಿಯುವ ಮಳೆಯಲ್ಲಿ ಏಣಿ ಇಡುವುದಿಲ್ಲ ಎಂದು ಅವರು ನೆಮ್ಮದಿಪಟ್ಟಿದ್ದರು. ಆ ನೆಮ್ಮದಿ ನ್ಯಾಯವಾದದ್ದೇ. ಆದರೆ ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಸಮತಟ್ಟಾದ ಕಾಂಕ್ರೀಟಿನ ಮೇಲೆ ತಿಂಗಳುಗಟ್ಟಲೆ ತೇವ ಆರುವುದೇ ಇಲ್ಲ. ಸಣ್ಣದೊಂದು ಬಿರುಕು ಸಿಕ್ಕಿದರೆ ನೀರು ಒಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಕಬ್ಬಿಣ ತನ್ನನ್ನು ಹಿಡಿದಿರುವ ಕಾಂಕ್ರೀಟನ್ನೇ ಸೀಳುತ್ತದೆ. ಬೇಸಗೆಯಲ್ಲಿ ಪಾಚಿ ಕೆರೆದು, ವಾಟರ್‌ಪ್ರೂಫ್ ಬಣ್ಣ ಬಳಿಸಿ, ಈ ಸಲ ನಿಂತಿತು ಅಂದುಕೊಂಡರೆ ಆಟಿ ತಿಂಗಳ ಒಂದು ರಾತ್ರಿ ಮಲಗುವ ಕೋಣೆಯ ಮೂಲೆಯಲ್ಲಿ ಟಪ್ ಎಂದು ಸದ್ದು ಕೇಳುತ್ತದೆ. ಎದ್ದು ಪಾತ್ರೆ ಇಡಬೇಕು.

ಮಳೆಯ ಕತೆ ಹೀಗಾದರೆ ಬೇಸಗೆಯದ್ದು ಇನ್ನೊಂದು. ಏಪ್ರಿಲ್, ಮೇ ತಿಂಗಳಲ್ಲಿ ಹಗಲೆಲ್ಲ ಬಿಸಿಲು ಕುಡಿದ ತಾರಸಿ ರಾತ್ರಿಯಿಡೀ ಆ ಬಿಸಿಯನ್ನು ಕೆಳಗಿನ ಕೋಣೆಗೆ ಬಿಡುತ್ತದೆ. ಒಲೆ ಆರಿಸಿದ ಮೇಲೂ ಕಾವಲಿ ಬಹಳ ಹೊತ್ತು ಕಾದೇ ಇರುವಂತೆ, ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ನಮ್ಮ ಮನೆಯ ನೆತ್ತಿ ತಣಿಯುವುದಿಲ್ಲ. ಫ್ಯಾನು ಆ ಬಿಸಿಗಾಳಿಯನ್ನೇ ತಿರುಗಿಸಿ ಮೈಮೇಲೆ ಹಾಕುತ್ತದೆ. ಮೇಲೊಂದು ಮಾಡಿದ್ದು, ಮಾಡಿಗೂ ತಾರಸಿಗೂ ನಡುವೆ ಗಾಳಿಯಾಡುವ ಜಾಗವಿದ್ದರೆ ಬಿಸಿಲು ಕಾಂಕ್ರೀಟನ್ನು ಮುಟ್ಟುವುದೇ ಇಲ್ಲ. ಆಚೆಮನೆಯ ಅಕ್ಕ ಹೀಗೆ ಮಾಡು ಹಾಕಿಸಿದ ಮೇಲೆ ಮಾರ್ಚಿನಲ್ಲೂ ತೆಳ್ಳಗೆ ಹೊದ್ದು ಮಲಗುತ್ತೇವೆ ಎಂದರು. ಆ ಮಾತು ಕೇಳಿದ ಮೇಲೆಯೇ ನಮ್ಮ ಮನೆಯಲ್ಲಿ ವಿಷಯ ಗಟ್ಟಿಯಾದದ್ದು.

ಗಟ್ಟಿಯಾಯಿತು ಸರಿ, ಆದರೆ ಮಾಡೆಂದರೆ ಯಾವ ಮಾಡು ಎನ್ನುವಲ್ಲಿ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಚಿತ್ರ. ಇವರಿಗೆ ಅಡಿಕೆಯದ್ದೇ ಯೋಚನೆ: ಬಿಸಿಲು ಬೇಕು, ಮಳೆ ಬೇಡ. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ, “ಅಮ್ಮಾ, ಅಲ್ಲೊಂದು ಉಯ್ಯಾಲೆ, ನಾಲ್ಕು ಕುರ್ಚಿ, ಸುತ್ತ ಹೂವಿನ ಚಟ್ಟಿ” ಎಂದಳು. ಎಂಬತ್ತು ದಾಟಿದ ಅತ್ತೆ ಎಲ್ಲರ ಮಾತನ್ನೂ ಕೇಳಿಸಿಕೊಂಡು, “ಪೂರ್ತಿ ಮುಚ್ಚಬೇಡಿ. ಹಪ್ಪಳಕ್ಕೆ ಬಿಸಿಲು ನೇರ ಬೀಳಬೇಕು” ಎಂದರು. ಅಷ್ಟು ಹೇಳಿ ಎಲೆಗೆ ಸುಣ್ಣ ಹಚ್ಚುವುದರಲ್ಲಿ ತೊಡಗಿದರು. ನಮ್ಮ ಮನೆಯಲ್ಲಿ ಅತ್ತೆ ಎರಡನೆಯ ಸಲ ಹೇಳುವ ಪದ್ಧತಿಯಿಲ್ಲ.

ಅಡಿಕೆ ಬೆಳೆಯುವವರಿಗೆ ತಾರಸಿಯೆಂದರೆ ಅಂಗಳದ ತಮ್ಮ. ಹಣ್ಣಡಿಕೆ ಚಾಲಿಯಾಗಬೇಕಾದರೆ 40ರಿಂದ 45 ದಿನದ ಒಳ್ಳೆಯ ಬಿಸಿಲು ಬೇಕು. ಅಂಗಳ ತುಂಬಿದ ಮೇಲೆ ಉಳಿದದ್ದು ಮೆಟ್ಟಿಲು ಹತ್ತಿ ತಾರಸಿಗೆ ಬರುತ್ತದೆ. ಎಲ್ಲ ಒಣಗುತ್ತ ಬಂತು ಎನ್ನುವಾಗ ಏಪ್ರಿಲಿನ ಒಂದು ಮಧ್ಯಾಹ್ನ ಮೂಡಣದಲ್ಲಿ, ಘಟ್ಟದ ಮೇಲೆ, ಮೋಡ ಕಪ್ಪಾಗುತ್ತದೆ. ಊಟಕ್ಕೆ ಕೂತವರು ಎದ್ದು ಕೈತೊಳೆಯದೆ ಓಡುವುದನ್ನು ನಾನು ಈ ಮನೆಗೆ ಬಂದ ವರ್ಷವೇ ನೋಡಿದೆ. ಮಾವ ಹಲಗೆಯಿಂದ ಅಡಿಕೆಯನ್ನು ನಡುವಿಗೆ ಎಳೆದು ರಾಶಿ ಮಾಡುತ್ತಿದ್ದರು, ನಾವೆಲ್ಲ ಟರ್ಪಾಲಿನ ನಾಲ್ಕು ಮೂಲೆ ಹಿಡಿಯುತ್ತಿದ್ದೆವು, ಗಾಳಿ ಅದನ್ನು ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಒಮ್ಮೆ ನೆನೆದ ಅಡಿಕೆಗೆ ಬೂಷ್ಟು ಹಿಡಿದರೆ ಮುಗಿಯಿತು. ಮಂಡಿಯಲ್ಲಿ ಅದು ಕರಿಗೋಟಿನ ರಾಶಿಗೆ ಹೋಗುತ್ತದೆ. ವರ್ಷದ ದುಡಿಮೆಯ ಬೆಲೆ ಅರ್ಧ ಗಂಟೆಯ ಮಳೆಯಲ್ಲಿ ಇಳಿಯುವುದನ್ನು ಕಂಡವರಿಗೆ ಮಾಡೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ.

ಹಪ್ಪಳದ್ದು ಬೇರೆ ಸಂಭ್ರಮ. ಹಲಸು ಬೆಳೆದು ಹಣ್ಣಾಗುವ ಮೊದಲು ಬೇಯಿಸಿ, ರುಬ್ಬಿ, ಉಂಡೆ ಮಾಡಿ, ಎಣ್ಣೆ ಪಸೆ ಮಾಡಿದ ಬಾಳೆ ಎಲೆಗಳ ನಡುವೆ ಒತ್ತಿ, ಚಾಪೆಯ ಮೇಲೆ ಸಾಲಾಗಿ ಹರಡುವುದು. ಒತ್ತುವ ಮಣೆಯ ಹತ್ತಿರ ಒಬ್ಬರು, ಎಲೆ ಬಿಡಿಸಲು ಒಬ್ಬರು, ಹರಡಲು ಮಕ್ಕಳು. ನೆರೆಮನೆಯ ಹೆಂಗಸರೂ ಬರುತ್ತಿದ್ದರು. ಇಂದು ನಮ್ಮಲ್ಲಿ, ನಾಳೆ ಅವರಲ್ಲಿ. ಬೆಳಗ್ಗೆ ಹರಡಿದ ಹಪ್ಪಳ ಮಧ್ಯಾಹ್ನಕ್ಕೆ ಅಂಚಿನಲ್ಲಿ ಮೇಲೆದ್ದು ಚಾಪೆ ಬಿಡುತ್ತದೆ, ಆಗ ಮಗುಚಬೇಕು. ಅತ್ತೆ ಕಾಗೆ ಓಡಿಸುವ ಕೋಲು ಹಿಡಿದು ಮೆಟ್ಟಿಲ ಕೋಣೆಯ ನೆರಳಿನಲ್ಲಿ ಕೂರುತ್ತಿದ್ದರು. ಹಪ್ಪಳಕ್ಕೆ ಶೀಟಿನಡಿಯ ಬಿಸಿ ಸಾಲದು, ನೇರ ಬಿಸಿಲೇ ಬೇಕೆಂಬ ಅವರ ಮಾತಿನ ಹಿಂದೆ ಅಷ್ಟು ವರ್ಷಗಳ ಮಧ್ಯಾಹ್ನಗಳಿವೆ. ಹಾಗಾಗಿ ನಮ್ಮ ಯೋಜನೆಯ ಮೊದಲ ಗೆರೆ ಅತ್ತೆ ಎಳೆದದ್ದು: ಪೂರ್ವದ ಕಡೆ 12 ಅಡಿ ಆಕಾಶಕ್ಕೇ ಬಿಡುವುದು. ಅದರ ಕೆಳಗಿರುವುದು ಸಿಟೌಟ್ ಮಾತ್ರ, ಮಲಗುವ ಕೋಣೆಯಲ್ಲ. ಸ್ವಲ್ಪ ಪಸೆ ಬಂದರೂ ನಡೆಯುತ್ತದೆ.

ಮೇಸ್ತ್ರಿ ಬಂದದ್ದು ಒಂದು ಸಂಜೆ. ವೆಲ್ಡಿಂಗ್ ಶೆಡ್ಡು ಇಟ್ಟುಕೊಂಡಿರುವ ಹುಡುಗ, ನಮ್ಮ ಸುತ್ತಿನ ಎಷ್ಟೋ ಮಾಡುಗಳು ಅವನ ಕೈಯವು. ಜೇಬಿನಿಂದ ಟೇಪು ತೆಗೆದು ಒಂದು ತುದಿ ನನ್ನ ಕೈಗೆ ಕೊಟ್ಟು, “ಅಕ್ಕಾ, ಗಟ್ಟಿ ಹಿಡ್ಕೊಳ್ಳಿ” ಎಂದು ಹಿಂದೆ ಹಿಂದೆ ನಡೆದ. ಪೂರ್ವ ಪಶ್ಚಿಮ 40 ಅಡಿ, ತೆಂಕು ಬಡಗು 30 ಅಡಿ. ಆಮೇಲೆ ಬಳಪ ತೆಗೆದು ತಾರಸಿಯ ನೆಲದ ಮೇಲೇ ಚಿತ್ರ ಬರೆಯಲು ಕೂತ. ಇಲ್ಲಿ ಕಂಬ, ಇಲ್ಲಿ ಬೇಸ್ ಪ್ಲೇಟು, ಇಲ್ಲಿಂದ ಇಲ್ಲಿಗೆ ಟ್ರಸ್ಸು, ಅದರ ಮೇಲೆ ಅಡ್ಡಕ್ಕೆ ಪೈಪು, ಪೈಪಿನ ಮೇಲೆ ಶೀಟು. ಮಧ್ಯದಲ್ಲಿ ಎತ್ತರ, ಎರಡು ಬದಿಗೂ ಇಳಿಜಾರು, 10 ಅಡಿಗೆ 2 ಅಡಿ ಇಳಿತ. ಕಾಗದದ ಮೇಲಿನ ನಕ್ಷೆಯನ್ನು ದೂರದಿಂದ ನೋಡಬೇಕು. ಇದರೊಳಗೆ ನಾವು ನಡೆದಾಡಬಹುದು. ಇವರು ಬಳಪದ ಕಂಬವನ್ನು ಸುತ್ತಿ ಬಂದು, “ಇದು ಅಡಿಕೆ ಗೋಣಿ ಹೊತ್ತು ಬರುವ ದಾರಿಗೆ ಅಡ್ಡ” ಎಂದರು. ಅವನು ಕಾಲಿನಿಂದ ಉಜ್ಜಿ ಕಂಬವನ್ನು ಎರಡಡಿ ಆಚೆ ನೆಟ್ಟ.

ಶೀಟಿನ ಮಾತು ಬಂದಾಗ ಅವನು ನಿಧಾನವಾಗಿ ಬಿಡಿಸಿ ಹೇಳಿದ. ಸಿಮೆಂಟ್ ಶೀಟು ಬೇಡವೆಂದು ಅವನೂ ನಾವೂ ಒಟ್ಟಿಗೇ ಹೇಳಿದೆವು. ಆಸ್ಬೆಸ್ಟಾಸಿನ ಸಣ್ಣ ನಾರು ಉಸಿರಿನೊಡನೆ ಒಳಹೋದರೆ ಶ್ವಾಸಕೋಶಕ್ಕೆ ಕೇಡು, ಕತ್ತರಿಸುವ ಕೆಲಸದವರಿಗಂತೂ ಇನ್ನೂ ಹೆಚ್ಚು. ತಗಡಿನಲ್ಲಿ ಬರೀ ಸತು ಲೇಪಿಸಿದ್ದಕ್ಕಿಂತ ಗ್ಯಾಲ್ವಲ್ಯೂಮ್ ನಮ್ಮ ಹವೆಗೆ ಹೆಚ್ಚು ಬಾಳುತ್ತದೆ. ಅದರ ಲೇಪದಲ್ಲಿ ನೂರಕ್ಕೆ 55 ಪಾಲು ಅಲ್ಯುಮಿನಿಯಂ, ಉಳಿದದ್ದು ಬಹುಪಾಲು ಸತು. ದಪ್ಪದಲ್ಲಿ 0.45 ಮಿಲಿಮೀಟರ್, 0.50 ಮಿಲಿಮೀಟರ್ ಎಂದು ಎರಡು ತುಂಡುಗಳನ್ನು ಕೈಗೆ ಕೊಟ್ಟ. ಬೆರಳಿನ ನಡುವೆ ಹಿಡಿದರೆ ವ್ಯತ್ಯಾಸ ಕಷ್ಟದಲ್ಲಿ ತಿಳಿಯುತ್ತದೆ. ತೆಂಗಿನಕಾಯಿ ಬಿದ್ದಾಗ ಚೆನ್ನಾಗಿ ತಿಳಿಯುತ್ತದೆ ಎಂದ. ಎರಡು ತೆಂಗಿನ ಮರ ತಾರಸಿಗೆ ಬಾಗಿಯೇ ಇವೆ. 0.50 ಎಂದು ಬರೆಸಿದೆವು.

ಹಾಗೆ ಮಾತಾಡುವಾಗ ಅವನು ಹೇಳಿದ ಸಣ್ಣ ಸಣ್ಣ ಸಂಗತಿಗಳು ನನಗೆ ಬಹಳ ಹಿಡಿಸಿದವು. ಒಂದು ಶೀಟಿನ ಮೇಲೆ ಇನ್ನೊಂದನ್ನು ಹೊದೆಸುವಾಗ ಗಾಳಿ ಬರುವ ದಿಕ್ಕಿಗೆ ಬಾಯಿ ತೆರೆದಿರಬಾರದು. ಮುಂಗಾರಿನ ಗಾಳಿ ಪಡುವಣದಿಂದ ಬರುವುದು, ಹಾಗಾಗಿ ಪೂರ್ವದ ತುದಿಯಿಂದ ಹೊದೆಸುತ್ತ ಪಶ್ಚಿಮಕ್ಕೆ ಬರಬೇಕು. ಸ್ಕ್ರೂ ಶೀಟಿನ ಏಣಿನ ಮೇಲೆ ಕೂರಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ಅದರ ಅಡಿಯ ರಬ್ಬರ್ ವಾಷರನ್ನು ಅತಿಯಾಗಿ ಬಿಗಿದರೆ ಅದು ಹಿಸುಕಿ ಹೊರಬರುತ್ತದೆ, ಆಮೇಲೆ ಸೋರುತ್ತದೆ. ಕೆಲಸ ಮುಗಿದ ದಿನವೇ ಶೀಟಿನ ಮೇಲೆ ಬಿದ್ದ ಕಬ್ಬಿಣದ ಪುಡಿಯನ್ನು ಗುಡಿಸಿ ತೆಗೆಯಬೇಕು, ಇಲ್ಲದಿದ್ದರೆ ಮೊದಲ ಮಳೆಗೆ ಆ ಪುಡಿ ತುಕ್ಕಾಗಿ ಶೀಟಿಗೂ ಕಲೆ ಹಿಡಿಸುತ್ತದೆ. ಮಾಡಿಗೆ ಭಾರ ಮಾತ್ರ ಲೆಕ್ಕವಲ್ಲ, ಅಡಿಯಿಂದ ನುಗ್ಗಿದ ಗಾಳಿ ಅದನ್ನು ಮೇಲಕ್ಕೆತ್ತಲು ನೋಡುತ್ತದೆ. ಕಂಬದ ಬೋಲ್ಟು ಕಾಂಕ್ರೀಟಿನಲ್ಲಿ ಎಷ್ಟು ಆಳಕ್ಕೆ ಕೂತಿದೆ ಎಂಬುದರ ಮೇಲೆ ಇಡೀ ಮಾಡು ನಿಂತಿರುತ್ತದೆ. ಇಷ್ಟನ್ನು ಅವನು ಎಲ್ಲಿಯೂ ಓದಿದ್ದಲ್ಲ, ಬೇರೆಯವರ ಮಾಡುಗಳ ಮೇಲೆ ಮಳೆಗಾಲ ಕಳೆದು ಕಲಿತದ್ದು.

ಆ ಶೀಟಿನ ತುಂಡು ಕೈಯಲ್ಲಿ ಹಿಡಿದಾಗಲೇ ನನಗೆ ಹಂಚಿನ ನೆನಪಾದದ್ದು. ನನ್ನ ತವರಿನಲ್ಲಿ ಅಜ್ಜಿ ಮದುವೆಯಾಗಿ ಬಂದಾಗ ಇನ್ನೂ ಮುಳಿಹುಲ್ಲಿನ ಮನೆಯಂತೆ. ವರ್ಷಕ್ಕೊಮ್ಮೆ ಗುಡ್ಡದಿಂದ ಹುಲ್ಲು ಕೊಯ್ದು ತಂದು, ಊರವರೆಲ್ಲ ಸೇರಿ ಒಂದೇ ದಿನದಲ್ಲಿ ಹೊದೆಸಿ ಮುಗಿಸಬೇಕು. ರಾತ್ರಿಗೆ ಮನೆ ಬಯಲಾಗಿರಬಾರದು. ಹಂಚು ಅದಕ್ಕೂ ಬಹಳ ಹಿಂದೆಯೇ ಮಂಗಳೂರಿಗೆ ಬಂದಿತ್ತು. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದರ ಹಿಂದಿದ್ದವರು ಜಾರ್ಜ್ ಪ್ಲೆಬ್ಸ್ಟ್. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ಅದಕ್ಕೆ ಒದಗಿತು. ಆ ಹಂಚಿನ ಜಾಣತನವಿರುವುದು ಅಂಚಿನಲ್ಲಿ. ಪಕ್ಕದ ಹಂಚಿನ ಗಾಡಿಯೊಳಗೆ ಇದರ ಅಂಚು ಕೂರುತ್ತದೆ, ಹಿಂಬದಿಯ ಹಲ್ಲು ರೀಪನ್ನು ಕಚ್ಚುತ್ತದೆ. ಮೊಳೆಯಿಲ್ಲ, ಗಾರೆಯಿಲ್ಲ. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೆ ಇಡಬಹುದು. ಹಾಗೆ ನಮ್ಮ ಮಂಗಳೂರಿನ ಹೆಸರು ಹೊತ್ತ ಹಂಚು ಹಡಗು ಹತ್ತಿ ದೂರದೂರದ ದೇಶಗಳ ಮನೆಗಳನ್ನೂ ಕಾಯಿತು.

ತವರಿನ ಚಾವಡಿಯಲ್ಲಿ ಎರಡು ಗಾಜಿನ ಹಂಚುಗಳಿದ್ದವು. ಬಿಸಿಲಿನ ಚೌಕ ಬೆಳಗ್ಗೆ ಪಡುಗೋಡೆಯಲ್ಲಿ ಕಾಣಿಸಿ, ಇಳಿದು, ನೆಲದ ಮೇಲೆ ಸರಿಯುತ್ತ ಹೋಗುತ್ತಿತ್ತು. ಅದು ಅಕ್ಕಿ ಮುಡಿಯ ಬುಡ ಮುಟ್ಟಿದರೆ ಅಜ್ಜಿ ಅನ್ನಕ್ಕೆ ನೀರಿಡುತ್ತಿದ್ದರು. ಆ ಚೌಕ ನನಗೆ ಬೇಕೆಂದು ಅನಿಸಿ, ಮೇಸ್ತ್ರಿಯಲ್ಲಿ ಕೇಳಿದೆ. ಶೀಟುಗಳ ನಡುವೆ ಅಲ್ಲಲ್ಲಿ ಒಂದೊಂದು ಪಾಲಿಕಾರ್ಬೊನೇಟಿನ ಪಾರದರ್ಶಕ ಶೀಟು ಹಾಕಿದರೆ ಆಯಿತು ಎಂದ. ಅಡಿಕೆ ಹರಡುವ ಕಡೆಗೆ ಅಂಥವು ಹೆಚ್ಚು ಇರಲಿ ಎಂದು ಇವರು ಸೇರಿಸಿದರು. ನನಗೆ ನೆನಪಿನ ಚೌಕವೂ, ಅವರಿಗೆ ಒಣಗುವ ಅಡಿಕೆಯೂ ಒಂದೇ ಶೀಟಿನಡಿ ಸಿಕ್ಕವು.

ಇನ್ನು ಉಳಿದದ್ದು ಮಾಡನ್ನು ಎಲ್ಲಿ ನಿಲ್ಲಿಸುವುದು ಎಂಬುದು. ಅವನ ಲೆಕ್ಕದಲ್ಲಿ ಅದು ಗೋಡೆಯಿಂದ ಒಂದಡಿ ಹೊರಗೆ. ನಾನು ಮೂರಡಿ ಎಂದೆ. “ಎಂತಕ್ಕೆ ಅಕ್ಕಾ ಅಷ್ಟು? ಚದರಡಿಗೆ ದುಡ್ಡಲ್ವಾ, ಸುಮ್ಮನೆ ಹೊರಗೆ ಹೋಗ್ತದೆ” ಎಂದು ಅವನು ನಮ್ಮ ಒಳ್ಳೆಯದಕ್ಕೇ ಹೇಳಿದ. ಲೆಕ್ಕ ನೋಡಿದರೆ ಅವನದ್ದು ಸರಿ. ಮೂರು ಕಡೆ ಎರಡೆರಡು ಅಡಿ ಹೆಚ್ಚಾದರೆ ಒಂದು ಕೋಣೆಯಷ್ಟು ಜಾಗದ ಶೀಟು ಮನೆಯ ಹೊರಗೇ ಉಳಿಯುತ್ತದೆ. ಆದರೆ ನಮ್ಮ ಮಳೆ ನೆಟ್ಟಗೆ ಬೀಳುವುದಲ್ಲ. ಗಾಳಿಯೊಡನೆ ಓರೆಯಾಗಿ ಬಂದು ಗೋಡೆಗೆ ಬಡಿಯುತ್ತದೆ, ಕಿಟಕಿಯ ಸಂದಿಯಲ್ಲಿ ನುಗ್ಗುತ್ತದೆ, ತಾರಸಿಯ ಅಂಚನ್ನು ನೆನೆಸುತ್ತದೆ. ಹಿಂದಿನವರು ಸೂರನ್ನು ಅಷ್ಟು ತಗ್ಗಿಸಿ, ಅಷ್ಟು ಮುಂದೆ ತಂದದ್ದು ಅದಕ್ಕೇ. ಒಳಹೋಗಬೇಕಾದರೆ ತಲೆ ಬಗ್ಗಿಸಲೇಬೇಕು. ಒಳಗೆ ಮಣ್ಣಿನ ಗೋಡೆ ನೂರು ಮಳೆಗಾಲ ಕಂಡರೂ ಒಣಗಿಯೇ ಇರುತ್ತಿತ್ತು.

ಇದು ನಾನು ಅವನಿಗೆ ಹೇಳಿದ ಕಾರಣ. ಇನ್ನೊಂದು ಕಾರಣವೂ ಇತ್ತು. ತವರಿನಲ್ಲಿ ಸೂರಿನಡಿಯ ಆ ನಾಲ್ಕಡಿ ಜಾಗ ಮನೆಯ ಒಳಗೂ ಅಲ್ಲ, ಹೊರಗೂ ಅಲ್ಲ. ನೊಗ ನೇಗಿಲು ಅಲ್ಲಿ ತೂಗುತ್ತಿದ್ದವು, ಸೌದೆ ಅಲ್ಲಿ ಒಟ್ಟಿರುತ್ತಿತ್ತು, ಕೋಳಿ ಮರಿಗಳೊಡನೆ ಅಲ್ಲಿ ಕೂರುತ್ತಿತ್ತು. ಮಳೆ ಜೋರಾದರೆ ದಾರಿಯಲ್ಲಿ ಹೋಗುವವರು ಯಾರನ್ನೂ ಕೇಳದೆ ಬಂದು ನಿಲ್ಲುತ್ತಿದ್ದರು. ಶಾಲೆಯಿಂದ ಬರುವ ಮಕ್ಕಳು, ಮಣ್ಣಿನ ಪಾತ್ರೆ ಹೊತ್ತು ಮಾರುವ ಹೆಂಗಸು, ಅಂಚೆಯವರು, ತೋಟದ ಕೆಲಸದವರು. ಯಾರು ನೀವು, ಏನು ಬೇಕು ಎಂದು ಕೇಳುವುದಿಲ್ಲ. ಮಳೆ ಹೊಳವಾದ ಮೇಲೆ ಅವರು ಹೋಗುತ್ತಾರೆ. ಮಳೆ ನಿಲ್ಲದಿದ್ದರೆ ಅಜ್ಜಿ ಒಳಗಿನಿಂದ ಬೆಲ್ಲ ನೀರು ತರುತ್ತಾರೆ. ಚಾವಡಿಯೊಳಗೆ ಯಾರು ಬರಬಹುದು, ಯಾರು ಬರಬಾರದು ಎಂಬ ಕಟ್ಟಳೆಗಳು ಆ ಕಾಲದ ಮನೆಗಳಲ್ಲಿ ಇದ್ದವು, ಮತ್ತು ಅವು ಕೆಟ್ಟವು. ಸೂರಿನಡಿ ಮಾತ್ರ ಮಳೆಯಲ್ಲಿ ಬಂದವರು ಒಟ್ಟಿಗೇ ನಿಲ್ಲುತ್ತಿದ್ದರು.

ನಮ್ಮ ತಾರಸಿ ಮನೆಗೆ ಅಂಥ ಸೂರಿಲ್ಲ. ಕಿಟಕಿಗಳ ಮೇಲೆ ಒಂದೂವರೆ ಅಡಿಯ ಕಾಂಕ್ರೀಟು ಹಲಗೆ, ಅಷ್ಟೆ. ಮುಂದಿನ ಸಿಟೌಟಿಗೆ ಕಬ್ಬಿಣದ ಗ್ರಿಲ್, ಗ್ರಿಲ್ಲಿಗೆ ಬೀಗ. ಹೊರಗಿನವರು ಕರೆಗಂಟೆ ಒತ್ತಿ ಮಳೆಯಲ್ಲೇ ನಿಲ್ಲಬೇಕು. ಕೊರಿಯರಿನ ಹುಡುಗ ಪೊಟ್ಟಣವನ್ನು ಅಂಗಿಯೊಳಗೆ ಇಟ್ಟುಕೊಂಡು ತಾನು ನೆನೆಯುವುದನ್ನು ನೋಡಿದ್ದೇನೆ. ಮೀಟರ್ ನೋಡಲು ಬಂದವರು, ಹಾಲಿನವರು, ಆಶಾ ಕಾರ್ಯಕರ್ತೆ, ಎಲ್ಲರೂ ಹಾಗೆಯೇ. ಬೀಗದ ಕೈ ಹುಡುಕುವಷ್ಟರಲ್ಲಿ ಅವರು ಪೂರ್ತಿ ಒದ್ದೆ. ಬಾಗಿಲು ತೆರೆದ ಮೇಲೂ ನೀರಿಳಿಯುವ ಬಟ್ಟೆಯಲ್ಲಿ ಒಳಗೆ ಬರಲು ಅವರಿಗೇ ಸಂಕೋಚ. ಇಷ್ಟು ಮಳೆಯ ಊರಿನಲ್ಲಿ ಬಂದವರು ನಿಲ್ಲಲು ಜಾಗವಿಲ್ಲದ ಮನೆಗಳನ್ನು ನಾವು ಸಾಲುಸಾಲಾಗಿ ಕಟ್ಟಿಕೊಂಡಿದ್ದೇವೆ. ಇದು ನನಗೆ ಬಹಳ ಕಾಲದಿಂದ ಚುಚ್ಚುತ್ತಿರುವ ಸಂಗತಿ.

ಅದನ್ನೂ ಹೇಳಿದಾಗ ಮೇಸ್ತ್ರಿ ಬಳಪ ಕೆಳಗಿಟ್ಟು ತಾರಸಿಯ ಅಂಚಿಗೆ ಹೋಗಿ ಬಗ್ಗಿ ನೋಡಿದ. “ಅಕ್ಕಾ, ಗೋಡೆಗಾದರೆ ಮೂರಡಿ ಸರಿ, ಹಾಕುವ. ಆದರೆ ಈ ಸೂರು ನೆಲದಿಂದ ಹತ್ತೊಂಬತ್ತು ಅಡಿ ಮೇಲೆ ಇರ್ತದೆ. ಕೆಳಗೆ ನಿಂತವರಿಗೆ ಅದು ಎಂತ ತಡೀತದೆ? ಮುಂದೆ ನೀವು ಆಕಾಶಕ್ಕೆ ಬಿಟ್ಟದ್ದು ಬೇರೆ. ಜನ ನಿಲ್ಲಬೇಕಾದರೆ ಸಿಟೌಟಿನ ಸ್ಲ್ಯಾಬಿನ ಮಟ್ಟದಲ್ಲಿ ಕೆಳಗೊಂದು ಸಣ್ಣ ಮಾಡು ಬೇಕು.” ಮನೆಯ ಮುಖ ಪೂರ್ವಕ್ಕೆ, ಮಳೆ ಪಡುವಣದಿಂದ, ಮನೆಯೇ ಗಾಳಿಗೆ ಅಡ್ಡ ನಿಲ್ಲುವುದರಿಂದ ಅಲ್ಲಿ ಐದಡಿ ಚಾಚಿದರೆ ನಿಂತವರ ಕಾಲು ಕೂಡ ನೆನೆಯುವುದಿಲ್ಲ ಎಂದು ಅವನೇ ವಿವರಿಸಿದ. ಹೀಗೆ ಒಂದು ಮಾಡಿಗೆ ಹೊರಟದ್ದು ಎರಡಾಯಿತು.

ನೀರಿನ ಲೆಕ್ಕವನ್ನು ನಾವು ಆಮೇಲೆ ಕೂತು ಹಾಕಿದೆವು. ಪುತ್ತೂರಿನಿಂದಲೇ ಬರುವ ‘ಅಡಿಕೆ ಪತ್ರಿಕೆ’ಯಲ್ಲಿ ಶ್ರೀಪಡ್ರೆಯವರ ಮಳೆಕೊಯ್ಲಿನ ಬರಹಗಳನ್ನು ಓದುತ್ತ ಬಂದವರು ಇವರು, ಮಾಡು ಎಂದಾಗಲೇ ಬಾವಿ ಎಂದಿದ್ದರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸೂರೂ ಸೇರಿ ನಮ್ಮ ಮಾಡು ಹೆಚ್ಚುಕಡಿಮೆ 100 ಚದರ ಮೀಟರ್. ವರ್ಷದ 3,500 ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವುದು ಮೂರೂವರೆ ಲಕ್ಷ ಲೀಟರ್. ಸೂರಿನ ಅಂಚಿಗೆ ದಂಬೆ ಕಟ್ಟಿ, ಪೈಪಿನಲ್ಲಿ ಇಳಿಸಿ, ಮರಳು ಜಲ್ಲಿಯ ಗುಂಡಿಯಲ್ಲಿ ಸೋಸಿ ಬಾವಿಯ ಕಡೆಗೆ ಬಿಡುವುದೆಂದಾಯಿತು. ಹಿಂದೆ ಅಡಿಕೆ ಮರವನ್ನು ಸೀಳಿ ತಿರುಳು ತೆಗೆದು ದಂಬೆ ಮಾಡುತ್ತಿದ್ದರು, ಈಗ ಅದೂ ತಗಡಿನದ್ದೇ. ತೆಂಕು ಬದಿಯಲ್ಲಿ ನೆರೆಯವರ ಪಾಗಾರ ಹತ್ತಿರವಿದೆ, ಅಲ್ಲಿ ಎರಡೇ ಅಡಿ ಚಾಚಿ, ಒಂದು ಹನಿಯೂ ಅವರ ಕಡೆ ಬೀಳದ ಹಾಗೆ ದಂಬೆಯನ್ನು ದೊಡ್ಡದು ಮಾಡಿದೆವು. ಸೂರು ಹೊರಗಿನವರಿಗೆ ನೆರಳಾಗಬೇಕು, ಹೊರೆಯಾಗಬಾರದು.

ಮಳೆಗೆ ತಗಡಿನ ಸದ್ದು ಜೋರು ಎಂದು ಬಂದವರೆಲ್ಲ ಎಚ್ಚರಿಸಿದರು. ನಿಜ, ಆರಿದ್ರೆಯ ಮಳೆಗೆ ಮಾಡಿನಡಿ ಎದುರು ಕೂತವರ ಮಾತೂ ಕೇಳಿಸದು. ಆದರೆ ನಮಗೂ ಮಾಡಿಗೂ ನಡುವೆ ತಾರಸಿಯ ಕಾಂಕ್ರೀಟು ಇದೆ, ಮಲಗುವ ಕೋಣೆಗೆ ಅಷ್ಟು ಇಳಿಯಲಿಕ್ಕಿಲ್ಲ. ಕಿವಿ ಮಂದವಾಗಿರುವ ಅತ್ತೆ, “ನನಗೂ ಮಳೆ ಕೇಳಿಸ್ತದಲ್ಲ” ಎಂದು ಸಂತೋಷಪಟ್ಟರು. ಹಂಚಿನ ಮನೆ ಹೋದ ಮೇಲೆ ಅವರಿಗೆ ರಾತ್ರಿ ಮಳೆ ಬಂದದ್ದೇ ತಿಳಿಯುತ್ತಿರಲಿಲ್ಲವಂತೆ.

ಕೆಳಗಿನ ಸಣ್ಣ ಮಾಡಿಗೆ ಯಾವ ಶೀಟು ಎಂಬ ಮಾತು ಬಂದಾಗ ಅತ್ತೆಯೇ ಬಾಯಿ ತೆರೆದರು: “ಹಟ್ಟಿಯ ಹಿಂದೆ ಹಂಚು ಇದೆಯಲ್ಲ.” ಮನೆ ಕೆಡವಿದಾಗ ಮಾವ ಒಳ್ಳೆಯ ಹಂಚುಗಳನ್ನು ಆರಿಸಿ ಹಟ್ಟಿಯ ಹಿಂದೆ ಸಾಲಾಗಿ ನಿಲ್ಲಿಸಿದ್ದರು. ಎಂದಾದರೂ ಬೇಕಾಗುತ್ತದೆ ಎಂದಿದ್ದರಂತೆ. ನಾವೆಲ್ಲ ಟಾರ್ಚು ಹಿಡಿದು ಹೋದೆವು. ಬಳ್ಳಿ ಸರಿಸಿ ಒಂದನ್ನು ಎತ್ತಿ ನೀರು ಹಾಕಿ ತಿಕ್ಕಿದರೆ ಪಾಚಿಯ ಅಡಿಯಿಂದ ಕೆಂಪು ಬಣ್ಣವೂ ಕಾರ್ಖಾನೆಯ ಮುದ್ರೆಯೂ ಎದ್ದು ಬಂದವು. ಮೇಸ್ತ್ರಿ ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಟ್ಟ. ಠಣ್ ಎಂದರೆ ಒಳ್ಳೆಯದು, ಮಂದ ಸದ್ದು ಬಂದರೆ ಬಿರುಕು ಬಿಟ್ಟದ್ದು. ಚದರ ಮೀಟರಿಗೆ 15ರ ಲೆಕ್ಕದಲ್ಲಿ 20 ಅಡಿ ಉದ್ದ, 5 ಅಡಿ ಅಗಲದ ಸೂರಿಗೆ ಸುಮಾರು 150 ಹಂಚು ಸಾಕು. ಅದಕ್ಕಿಂತ ಹೆಚ್ಚೇ ಇದ್ದವು. ಕಬ್ಬಿಣದ ಪಟ್ಟಿಯ ಮೇಲೂ ಹಂಚಿನ ಹಲ್ಲು ಕೂರುವಂತೆ ಅಳತೆ ತೆಗೆದುಕೊಂಡ. ಅಡಿಯಲ್ಲಿ ಗೋಡೆಗೆ ತಾಗಿ ಒಂದು ಸಿಮೆಂಟಿನ ಕಟ್ಟೆ, ಕೊಡೆ ತೂಗಲು ನಾಲ್ಕು ಕೊಕ್ಕೆ ಎಂದು ನಾನು ಸೇರಿಸಿದೆ.

ಆರ್ಡರು ಬರೆದದ್ದು ಇವರ ಲೆಕ್ಕದ ಪುಸ್ತಕದ ಹಾಳೆಯಲ್ಲಿ. ಪೈಪಿನ ಅಳತೆ, ಶೀಟಿನ ದಪ್ಪ, ಬಣ್ಣ, ಪಾರದರ್ಶಕ ಶೀಟು ಎಷ್ಟು, ದಂಬೆ ಎಷ್ಟು, ಎಲ್ಲ ಕ್ರಮವಾಗಿ. ಪತ್ತನಾಜೆಯೊಳಗೆ ಕೆಲಸ ಮುಗಿಯಬೇಕು; ಮೇ ತಿಂಗಳ ಕೊನೆಗೆ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮಲ್ಲಿ ಹೊರಗಿನ ಕೆಲಸಗಳೆಲ್ಲ ಒಳಸೇರಿರಬೇಕು. ಕೆಳಗಿನ ಸೂರನ್ನು ಮೊದಲು ಮಾಡಬಹುದೇ ಎಂದು ಕೇಳಿದೆ. ಮೇಲಿನ ಕೆಲಸ ನಡೆಯುವಾಗ ಒಂದು ಪೈಪು ಜಾರಿದರೂ ಹಂಚು ಪುಡಿಯಾಗುತ್ತದೆ, ಹಂಚು ಕೊನೆಗೇ ಇರಲಿ ಎಂದ. ಸರಿಯಾದ ಮಾತು. ಆದರೆ ಏಪ್ರಿಲ್ ಮೇ ತಿಂಗಳಲ್ಲಿ ಈ ಕೆಲಸದವರನ್ನು ಊರೆಲ್ಲ ಎಳೆಯುತ್ತದೆ. ದೊಡ್ಡ ಕೆಲಸ ಮುಗಿದ ಮೇಲೆ ಉಳಿದ ಸಣ್ಣದು ಮಳೆ ಕಳೆದ ಮೇಲೆ ನೋಡುವ ಎಂದಾಗುವುದು ಎಲ್ಲ ಮನೆಗಳಲ್ಲೂ ಇರುವುದೇ. ಅಷ್ಟರೊಳಗೆ ಒಂದು ಮಳೆಗಾಲ ಪೂರ್ತಿ ಜನ ಗ್ರಿಲ್ಲಿನ ಹೊರಗೆ ನೆನೆಯುತ್ತಾರೆ.

ಹಾಗಾಗಿ ಹಣದ ಕಂತುಗಳನ್ನು ನಾನೇ ಬರೆದೆ. ಮುಂಗಡ ಈಗ. ಎರಡನೆಯದು ಕಂಬ, ಟ್ರಸ್ಸು ನಿಂತ ಮೇಲೆ. ಮೂರನೆಯದು ಮೇಲಿನ ಶೀಟು ಮುಗಿದು, ಪುಡಿ ಗುಡಿಸಿದ ಮೇಲೆ. ಕೊನೆಯದು ಕೆಳಗಿನ ಸೂರಿಗೆ ಕೊನೆಯ ಹಂಚು ಕೂತು, ಕೊಡೆಯ ಕೊಕ್ಕೆಯನ್ನೂ ಹೊಡೆದ ಮೇಲೆ. ಮೇಸ್ತ್ರಿ ಹಾಳೆಯನ್ನು ಎರಡು ಸಲ ಓದಿದ. “ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಕಂತಾ ಅಕ್ಕಾ?” ಎಂದು ಕೇಳಿದ. ಹೌದು ಎಂದೆ. ಅವನು ಸಹಿ ಹಾಕಿ, “ಹಾಗಾದರೆ ಅದನ್ನು ಬಿಟ್ಟು ಹೋಗಲಿಕ್ಕೆ ಆಗುವುದಿಲ್ಲ” ಎಂದ. ನನಗೆ ಬೇಕಾದದ್ದು ಅದೇ ಎಂದು ಹೇಳಿ ಮುಂಗಡ ಎಣಿಸಿ ಕೊಟ್ಟೆ.